ಮಳವಳ್ಳಿ ಮದುವೆಗೆ ಹೋದ ಪಾಸ್‌ಪೋರ್ಟು

ನಾನು ಕೆಮಿಸ್ಟ್ರಿ ಟೀಚರ್. ಮಂಡ್ಯದ ಒಂದು ಖಾಸಗಿ ಶಾಲೆಯಲ್ಲಿ ವರ್ಷಗಟ್ಟಲೆ ಬೋರ್ಡಿನ ಮೇಲೆಯೇ ಪ್ರಯೋಗ ಮಾಡಿದವಳು. ಆಸಿಡ್ಡೂ ಚಿತ್ರ, ಬರ್ನರ್ರೂ ಚಿತ್ರ, ಬರಬೇಕಾದ ಬಣ್ಣಕ್ಕೆ ಕಲರ್ ಚಾಕ್‌ಪೀಸು. ಬೀಕರನ್ನೇ ಮುಟ್ಟದ ಮಕ್ಕಳಿಗೆ ನೂರಕ್ಕೆ ನೂರು ಬಂದಾಗ ನನಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬರುತ್ತಿತ್ತು. ಓಮಾನಿನ ಶಾಲೆಯೊಂದು ‘ನಮ್ಮಲ್ಲಿ ಲ್ಯಾಬ್ ಇದೆ, ಬನ್ನಿ’ ಅಂದಾಗ ಸಂಬಳ ಕೇಳೋದನ್ನೂ ಮರೆತು ಹೂಂ ಅಂದೆ.

ಹೊರದೇಶದಲ್ಲಿ ಪಾಠ ಹೇಳೋದು ಅಂದರೆ ರೈಲು ಹತ್ತಿ ಪಕ್ಕದ ಹನಕೆರೆಯಲ್ಲಿ ಇಳಿದಂತಲ್ಲ. ಡಿಗ್ರಿ ನಿಜ ಅಂತ ಯೂನಿವರ್ಸಿಟಿ ಹೇಳಬೇಕು, ಅದು ಹೇಳಿದ್ದು ನಿಜ ಅಂತ ಸರ್ಕಾರ ಹೇಳಬೇಕು, ಸರ್ಕಾರ ಹೇಳಿದ್ದಕ್ಕೆ ಆ ದೇಶದ ರಾಯಭಾರ ಕಚೇರಿ ಮೊಹರು ಒತ್ತಬೇಕು. ಪೊಲೀಸರು ಇವಳು ಕಳ್ಳಿಯಲ್ಲ ಅನ್ನಬೇಕು. ಡಾಕ್ಟರು ರಕ್ತ ಚೆನ್ನಾಗಿದೆ ಅನ್ನಬೇಕು. “ಟೂರಿಸ್ಟ್ ವೀಸಾದಲ್ಲಿ ಹೋಗ್ಬಿಡಿ ಮೇಡಂ, ಅಲ್ಲಿ ನೋಡ್ಕೊಂಡ್ರಾಯ್ತು” ಅಂದ ಏಜೆಂಟನಿಗೆ ಚೆನ್ನಾಗಿ ಉಗಿದು ಕಳಿಸಿದೆ. ಕೆಲಸದ ಪರ್ಮಿಟ್ಟಿಲ್ಲದೆ ಪಾಠ ಹೇಳಿ ಸಿಕ್ಕಿಬಿದ್ದರೆ ಇವನೇನು ಬಂದು ಬಿಡಿಸುತ್ತಿದ್ದನೇ? ಕೊನೆಗೆ ಸರಿಯಾದ ವೀಸಾನೇ ಬಂತು. ಇಂಥ ತಾರೀಕಿನೊಳಗೆ ಆ ದೇಶದಲ್ಲಿ ಕಾಲಿಡದಿದ್ದರೆ ಅದು ರದ್ದು. ಶಾಲೆಯವರು ಭಾನುವಾರ ರಾತ್ರಿಗೆ ಟಿಕೆಟ್ ಮಾಡಿಸಿದರು.

ಭಾನುವಾರ ಅಮಾವಾಸ್ಯೆ. ಮದ್ದೂರಿನ ನಮ್ಮ ಮನೆಯ ಯಜಮಾನಿ ನಮ್ಮತ್ತೆ. “ಅವತ್ತು ಓಗ್ಬ್ಯಾಡ ಅನ್ನಾಕಿಲ್ಲ ಕಣಮ್ಮಿ. ಗುರುವಾರ ದಿನ ಸಂದಾಗೈತೆ, ಪರಸ್ಥಾನ ಮಡಗ್ಬುಡಾನ” ಅಂದರು. ಒಳ್ಳೆಯ ದಿನ ಹೊರಡಲಾಗದವರು ಆ ದಿನ ತಮ್ಮ ಗಂಟನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಶುರುವಾದ ಲೆಕ್ಕ. ಇಟ್ಟ ಗಂಟು ಮತ್ತೆ ನಮ್ಮ ಹೊಸಿಲು ದಾಟಿ ಒಳಗೆ ಬರಬಾರದು, ಅಷ್ಟೆ. ನಾನು ಒಂದೆರಡು ಸೀರೆ ಹಾಕಿ ಚೀಲ ತಂದೆ. ಅತ್ತೆ ಒಪ್ಪಲಿಲ್ಲ. “ನಿನ್ನ ಆ ದೇಸದೊಳೀಕೆ ಬುಡೋದು ಸೀರೆಯೋ ಕಾಗ್ದವೋ?” ಅಂತ ಪಾಸ್‌ಪೋರ್ಟು, ಮೊಹರು ಬಿದ್ದ ಸರ್ಟಿಫಿಕೇಟು ಎಲ್ಲ ಅದರೊಳಗೆ ತುರುಕಿದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಕಾಣದೆ ನಾನೂ ಒಪ್ಪಿದೆ. ಚೀಲ ಎದುರುಮನೆಯ ಗ್ಯಾರೇಜ್ ಸಾಬರ ಹೆಂಡತಿಯ ಕೈಗೆ ಹೋಯಿತು. ಅವಳಿಗೆ ನಮ್ಮತ್ತೆ ಅಂದರೆ ಹೆತ್ತ ತಾಯಿಯಷ್ಟು ಸಲಿಗೆ.

ಶನಿವಾರ ಬೆಳಿಗ್ಗೆ ಓಮಾನಿನಿಂದ ಶಾಲೆಯ ಆಫೀಸಿನವರ ಫೋನು. ವೀಸಾ ಭಾನುವಾರಕ್ಕೇ ಮುಗಿಯುತ್ತಂತೆ, ನನ್ನ ವಿಮಾನ ಇಳಿಯೋ ಹೊತ್ತಿಗೆ ಸೋಮವಾರ ಆಗಿರುತ್ತಂತೆ. “ಟಿಕೆಟ್ ಇವತ್ತು ಸಂಜೆಗೆ ಬದಲಾಯಿಸಿದ್ದೀವಿ, ಹೊರಡಿ” ಅಂದರು. ತಪ್ಪಿದರೆ ರಕ್ತ ಪರೀಕ್ಷೆಯಿಂದ ಹಿಡಿದು ಎಲ್ಲ ಮತ್ತೆ ಮೊದಲಿಂದ. ಅಲ್ಲಿವರೆಗೆ ನನ್ನ ಲ್ಯಾಬನ್ನು ನನಗೋಸ್ಕರ ಯಾರು ಖಾಲಿ ಇಟ್ಟಿರುತ್ತಾರೆ?

ಎದುರುಮನೆಗೆ ಓಡಿದೆ. ಬೀಗ! ತಂಗಿ ಮಗಳ ಮದುವೆ ಅಂತ ಮನೆಮಂದಿಯೆಲ್ಲ ಮಳವಳ್ಳಿಗೆ ಹೋಗಿದ್ದರು. ಫೋನು ಹೊಡೆದುಕೊಳ್ಳುತ್ತದೆ, ಎತ್ತುವವರಿಲ್ಲ. ನಾನು ಅವರ ಜಗುಲಿ ಮೇಲೆ ಕೂತು, “ಸೀರೆ ಇಟ್ಟಿದ್ದು ಸಾಕಾಗಿರ್ಲಿಲ್ವಾ?” ಅಂತ ಅತ್ತೆ ಮೇಲೆ ಹರಿಹಾಯ್ದೆ. ಬ್ಲಫ್ ಅನ್ನೋ ಊರಿನ ಪವರ್ ಸ್ಟೇಷನ್ನಿನಲ್ಲಿ ಕೆಲಸ ಮಾಡುವ ನನ್ನ ಗಂಡ, ನನ್ನನ್ನು ಕಳಿಸಲೆಂದೇ ರಜೆ ಹಾಕಿ ಬಂದಿದ್ದವರು, “ಬೀಗ ಒಡೆದುಬುಡ್ಲಾ?” ಅಂದರು.

“ಮುಚ್ಚಲಾ ಬಾಯಿ! ನಂಬಿ ಮಡಗಿರೋ ಮನೆ ಬೀಗ ಒಡೀತಾನಂತೆ. ಮಳವಳ್ಳಿಗೆ ನಡೀರಿ, ಕೀ ಇಸ್ಕಂಡು ಬರಾನ. ನಾನೂ ಬತ್ತೀನಿ” ಅಂತ ಅತ್ತೆ ಬಾಡಿಗೆ ಕಾರಿನ ಮುಂದಿನ ಸೀಟಿನಲ್ಲೇ ಕೂತುಬಿಟ್ಟರು. ಕೀ ತಂದು, ಮತ್ತೆ ಮದ್ದೂರಿಗೆ ಬಂದು, ಬೆಂಗಳೂರು ಮುಟ್ಟಿದರೆ ವಿಮಾನ ಸಿಕ್ಕ ಹಾಗೇ ಅಂತ ನಾನು ದಾರಿಯುದ್ದಕ್ಕೂ ಗೊಣಗಿದೆ.

ಶಾದಿ ಮಹಲಿನ ಮಹಡಿಯಲ್ಲಿ ಹೆಂಗಸರ ಊಟ ಮುಗಿಯುತ್ತಾ ಬಂದಿತ್ತು. ಮೂಲೆಯ ಕುರ್ಚಿಯಲ್ಲಿ ಜರಿಸೀರೆ ಉಟ್ಟು ಕೂತಿದ್ದಳು ನಮ್ಮ ಎದುರುಮನೆಯವಳು. ತೊಡೆಯ ಮೇಲೆ ನನ್ನ ಹಸಿರು ಚೀಲ, ಅದರ ಮೇಲೆ ಎರಡೂ ಕೈ.

“ಅಯ್ಯೋ, ಇದನ್ಯಾಕಮ್ಮ ಇಲ್ಲಿಗೆ ತಂದೆ?” ಅಂದೆ.

“ಬೀಗ ಹಾಕಿರೋ ಮನೇಲಿ ಒಂಟಿಯಾಗಿ ಎಂಗಕ್ಕ ಬುಟ್ಬರಾದು? ನಿಮ್ ವೀಸಾ ಇದ್ರಲ್ಲೇ ಐತೆ ಅಂತ ಅಮ್ಮ ಹೇಳಿದ್ರಲ್ಲ” ಅಂದಳು. ಫೋನು ಅವಳ ಗಂಡನ ಜೇಬಿನಲ್ಲಿತ್ತಂತೆ, ಗಂಡ ಬಿರಿಯಾನಿ ಹಂಡೆಯ ಹತ್ತಿರ.

ಪಕ್ಕದಲ್ಲಿದ್ದ ಅವಳ ತಂಗಿ ನನಗೆ ದೂರು ಹೇಳಿದಳು: “ನೋಡಿ ಟೀಚರಮ್ಮ, ಮದುಮಗಳ ಜೊತೆ ಫೋಟೋಕ್ಕೂ ನಿಂತಿಲ್ಲ, ಊಟಕ್ಕೂ ಎದ್ದಿಲ್ಲ ಇವ್ಳು.”

ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಕಣ್ಣು ತುಂಬಿಬಿಟ್ಟಿತು. ಕೈ ಚಾಚಿದೆ. ಅವಳು ಕೊಡಲಿಲ್ಲ. “ಮಡಗಿದ್ದು ಅಮ್ಮ, ಅವ್ರ ಕೈಗೇ ಕೊಡೋದು” ಅಂದಳು. ಅತ್ತೆ ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ ಬರುವವರೆಗೂ ಕಾದು, ಅವರ ಕೈಗೆ ಚೀಲ ಕೊಟ್ಟು, ಆಮೇಲೆ ಊಟಕ್ಕೆ ಎದ್ದಳು. ಸೂಟ್‌ಕೇಸು ಹೇಗೂ ಕಾರಿನ ಡಿಕ್ಕಿಯಲ್ಲೇ ಇತ್ತು, ಇನ್ನು ಮದ್ದೂರಿಗೆ ಯಾಕೆ? ಕನಕಪುರದ ದಾರಿ ಹಿಡಿದೆವು. “ಎಂಗೂ ನಮ್ಮ ಒಸ್ಲು ದಾಟಿ ಒಳೀಕೆ ಬರ್ಲಿಲ್ಲ ನೋಡು” ಅಂತ ಅತ್ತೆ ಬೆಂಗಳೂರಿನವರೆಗೂ ಬೀಗಿದರು.

ಓಮಾನಿನ ಲ್ಯಾಬಿನಲ್ಲಿ ಮೊದಲ ವಾರ ಒಬ್ಬ ಹುಡುಗಿ ಗಾಜಿನ ನಳಿಗೆಯಿಂದ ಕ್ಷಾರವನ್ನು ಹನಿ ಹನಿಯಾಗಿ ಬಿಡುತ್ತಾ ಹೋದಂತೆ ಫ್ಲಾಸ್ಕಿನಲ್ಲಿದ್ದ ನೀರಿನಂಥ ದ್ರಾವಣ ತಟ್ಟನೆ ಗುಲಾಬಿಯಾಯಿತು. ಚಾಕ್‌ಪೀಸಲ್ಲ, ನಿಜವಾದ ಗುಲಾಬಿ. ಫೋಟೋ ತೆಗೆದು ಎದುರುಮನೆಯವಳಿಗೆ ಕಳಿಸಿದೆ. ಅವಳ ದನಿಯಲ್ಲೇ ಉತ್ತರ ಬಂತು: “ಎಷ್ಟು ಸಂದಾಗೈತೆ ಅಕ್ಕ ಬಣ್ಣ! ಅವತ್ತು ಇದನ್ನ ತೊಡೆ ಮ್ಯಾಲೆ ಮಡೀಕಂಡು ಕೂತಿದ್ದೋಳು ನಾನೇ ಅಲ್ವಾ?”