ಮಾವ ಮಣ್ಣಿಗೆ ಹೊದಿಸಿದ ಹಾಳೆ

ಆರೋಗ್ಯ ಹೇಗಿದೆ ಎಂದು ಕೇಳಿದರೆ ಮಣ್ಣಿನ ಆರೋಗ್ಯ ಹೇಳುವ ಮನುಷ್ಯ ನಮ್ಮ ಸೋದರಮಾವ. ಊರು ಅವನಿಗಿಟ್ಟ ಹೆಸರು ‘ಭಾಷಣ’. ಮೋಸಂಬಿ ತೋಟ ಮುದಿಯಾಗಿ ಕಾಯಿ ಗೋಲಿಯಷ್ಟಕ್ಕೆ ಇಳಿದಾಗ ಮರಗಳನ್ನೆಲ್ಲ ಕಡಿಸಿದ. ಆದರೆ ಅದೇ ಮಣ್ಣಿಗೆ ಎಳೆ ಸಸಿ ಇಟ್ಟರೆ, ಹಳೆ ಬೇರಿಗೆ ಹತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಹೊಸ ಬೇರನ್ನೂ ತಿಂದು ಮುಗಿಸುತ್ತದೆ. ಇತ್ತ ಹಿತ್ತಿಲಲ್ಲಿ ಅತ್ತೆ ತಾನೇ ಕಸಿ ಕಟ್ಟಿ ಬೆಳೆಸಿದ ಸಸಿಗಳು ಚೀಲದಲ್ಲಿ ಬೇರು ಬಿಡಲು ಜಾಗವಿಲ್ಲದೆ ನಿಂತಿದ್ದವು. ಈ ಮಳೆಗಾಲಕ್ಕೆ ನೆಲ ಸೇರದಿದ್ದರೆ ಅವುಗಳ ಕಥೆ ಮುಗಿದ ಹಾಗೆ.

ಮಾವನಿಗೆ ಉಪಾಯ ಗೊತ್ತಿತ್ತು. ಹಳೆ ಬೇರು ಆರಿಸಿ, ನೆಲ ಉತ್ತು, ನೀರು ಕುಡಿಸಿ, ಬೇಸಿಗೆ ಪೂರ್ತಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಮಣ್ಣು ಮೆತ್ತಬೇಕು. ಒಳಗಿನ ಕಾವಿಗೆ ಹುಳು ಬೇಯುತ್ತದೆ. ಹಾಳೆ ಮಾತ್ರ ಮುಟ್ಟಬಾರದು. ಇದನ್ನು ಊರಿಗೆಲ್ಲ ಹೇಳಿದ. ‘ಹ್ಞೂಂ’ ಬಿಟ್ಟರೆ ಮಾತಾಡದ ಪಕ್ಕದ ತೋಟದವನೂ ಕೇಳಿಸಿಕೊಂಡು ಹೋಗಿ, ಅದೇ ಹುಳು ಹತ್ತಿ ಖಾಲಿ ಬಿದ್ದಿದ್ದ ತನ್ನ ನೆಲಕ್ಕೂ ಹಾಗೇ ಮಾಡಿದ.

ಹೊಸ ಸಂಗತಿ ನೋಡಲು ಜನ ಬಂದರು. ಬಂದವರನ್ನು ಸುಮ್ಮನೆ ಕಳಿಸುವುದು ಮಾವನ ಜಾಯಮಾನದಲ್ಲೇ ಇಲ್ಲ. “ಬನ್ನಿ, ಕೈ ಹಾಕಿ ನೋಡಿ, ಹೇಗೆ ಕಾದಿದೆ!” ಎಂದು ಹಾಳೆ ಎತ್ತುತ್ತಿದ್ದ. ಹಬೆ ಭುಸ್ಸೆಂದು ಹೊರಬರುತ್ತಿತ್ತು, ಮಾವನ ಮುಖ ಅರಳುತ್ತಿತ್ತು. ಹಾಳೆ ಮುಟ್ಟಬಾರದೆಂಬ ಉಪದೇಶವನ್ನೂ ಹಾಳೆ ಎತ್ತಿ ಹಿಡಿದುಕೊಂಡೇ ಮಾಡಿದ.

“ರೀ, ಒಳಗಿರೋ ಹುಳಕ್ಕೆ ಗಾಳಿ ಬೀಸ್ತಿದ್ದೀರಾ?” ಅತ್ತೆ ಕೇಳಿದಳು.

“ನಿನಗೆ ಇದೆಲ್ಲ ತಿಳಿಯಲ್ಲ, ಸುಮ್ನಿರೇ.”

ಅತ್ತೆ ಸುಮ್ಮನಿರಲಿಲ್ಲ. ಬೇಸಿಗೆ ಮುಗಿಯುತ್ತಲೇ ಎರಡೂ ತೋಟದ ಮಣ್ಣು ತಂದು, ಎರಡು ಬಕೆಟ್‌ಗಳಲ್ಲಿ ಒಂದೊಂದು ಸಸಿ ನೆಟ್ಟಳು. ಕೆಲವು ವಾರ ಕಾದು, ಕಿತ್ತು ಬೇರು ತೊಳೆದಳು. ಪಕ್ಕದವನ ಮಣ್ಣಿನದಕ್ಕೆ ಬೆಳ್ಳನೆಯ ಬೇರು. ನಮ್ಮ ಮಣ್ಣಿನದರ ಬೇರು ಕಪ್ಪಿಟ್ಟಿತ್ತು, ಎಷ್ಟು ತೊಳೆದರೂ ಅಂಟಿದ ಮಣ್ಣು ಬಿಡಲಿಲ್ಲ; ಹುಳು ಹತ್ತಿದ್ದರ ಗುರುತು ಅದು. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ ಅತ್ತಳು. ನನಗೆ ಮಾವನ ಮೇಲೆ ಮೈಯೆಲ್ಲ ಉರಿಯಿತು.

ಮಾವ ಪಕ್ಕದ ತೋಟಕ್ಕೆ ಓಡಿದ. “ನೀನೇನು ಮಾಡ್ದೆ ಮಾರಾಯ?”

“ನೀವು ಹೇಳಿದ್ದೇ ಅಣ್ಣಾ. ಹಾಳೆ ಮುಟ್ಲಿಲ್ಲ.”

“ನೋಡೋಕೆ ಯಾರೂ ಬರ್ಲಿಲ್ವಾ?”

“ನನ್ನ ಹತ್ರ ಯಾರು ಬರ್ತಾರಣ್ಣಾ?”

ಮಾರನೆಯ ದಿನ ಅತ್ತೆ ಸಸಿಗಳನ್ನೆಲ್ಲ ಪಕ್ಕದವನಿಗೇ ಕೊಟ್ಟುಬಿಟ್ಟಳು. ಹೊರುವ ಕೆಲಸ ಮಾವನದು. ನೆಡುವಾಗ ಸೇರಿದ್ದ ಜನ, “ಎರಡು ಮಾತು ಹೇಳಿ” ಎಂದರು. ಮಾವ ಗಂಟಲು ಸರಿಮಾಡಿಕೊಂಡ. ಅತ್ತೆ ತಲೆಯೆತ್ತಲೂ ಇಲ್ಲ. ಕೊನೆಯ ಸಸಿಯ ಬುಡಕ್ಕೆ ಮಣ್ಣು ಒತ್ತಿ ಎಲೆ ಸವರುತ್ತಿದ್ದಳು, ಇನ್ನೊಬ್ಬರ ನೆಲದಲ್ಲಿ. ಮಾವ ತೆರೆದ ಬಾಯಿ ಮುಚ್ಚಿ, ಕೊಡ ಎತ್ತಿಕೊಂಡು ನೀರು ತರಲು ಹೋದ.