ಆಚಾರ್ರ ಗಿಡ್ಡ ಗೇರು

ಮುಳಬಾಗಿಲಿನ ಪುರೋಹಿತ ಕೃಷ್ಣಮೂರ್ತಾಚಾರ್ರನ್ನು ನಾನು ಮೊದಲು ಕಂಡದ್ದು ರಸ್ತೆ ತಡೆಯಲ್ಲಿ. ತೊಂಬತ್ತೆಂಟನೇ ಇಸವಿಯ ಬೇಸಿಗೆ. ಕುಡಿಯುವ ನೀರಿಗಾಗಿ ಖಾಲಿ ಬಿಂದಿಗೆ ಇಟ್ಟುಕೊಂಡು ನಾವು ಶ್ರೀನಿವಾಸಪುರದ ರಸ್ತೆಗೆ ಅಡ್ಡ ಕೂತಿದ್ದೆವು. ನಿಂತಿದ್ದ ಲಾರಿ ಬಸ್ಸುಗಳ ಮುಂದೆ ಒಂದು ಹಸಿರು ಕಾರು. ನೆಲಕ್ಕೆ ಅಂಟಿಕೊಂಡಂಥ ಕಾರು, ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಮುಚ್ಚಳ. ಅದರೊಳಗಿಂದ ಮೊದಲು ಒಂದು ಜುಟ್ಟು, ಆಮೇಲೆ ಮುದ್ರೆ ಹಚ್ಚಿದ ಮೈ, ಕೊನೆಗೆ ಕಚ್ಚೆ ಪಂಚೆ ಹೊರಗೆ ಬಂದವು.

"ಅಮ್ಮಾ, ಮದುವೆ ಮಾಡಿಸ್ಬೇಕು. ಮುಹೂರ್ತ ಮೀರೋಗುತ್ತೆ. ಒಂಚೂರು ದಾರಿ ಬಿಡಿ."

"ನಮ್ ನಲ್ಲೀಗೆ ಯಾವ ಮುಹೂರ್ತ ಇಟ್ಟಿದಾರೋ ಅದನ್ನೂ ಒಂಚೂರು ಪಂಚಾಂಗ ನೋಡಿ ಹೇಳಿ ಸ್ವಾಮಿ" ಎಂದಳು ಬಿಂದಿಗೆಯ ಪಕ್ಕ ಕೂತಿದ್ದ ಮುತ್ಯಾಲಮ್ಮ. ಆಮೇಲೆ ನಮ್ಮ ಕಡೆ ತಿರುಗಿ, "ಬಿಡ್ರೋ, ಯಾವ್ದೋ ಹುಡ್ಗಿ ಬಾಸಿಂಗ ಕಟ್ಕೊಂಡು ಕಾಯ್ತಾ ಕೂತಿರ್ತಾಳೆ" ಎಂದಳು.

ನಾವು ದಾರಿ ಬಿಟ್ಟೆವು. ಗೇರು ಬಿಡಲಿಲ್ಲ. ಆ ಕಾರಿನ ಗೇರುಕಡ್ಡಿ ಮೊಳದುದ್ದ ಇತ್ತು. ಹಿಂದಕ್ಕೆ ಎಳೆದರೆ ನೇರವಾಗಿ ಆಚಾರ್ರ ಮೊಣಕಾಲಿಗೆ ಬಂದು ಪಂಚೆಯ ನೆರಿಗೆಯೊಳಗೆ ಹೊಗುತ್ತಿತ್ತು. ಅವತ್ತು ಹಾಗೆ ಹೊಕ್ಕದ್ದು ಸುತ್ತಿಕೊಂಡು ಕೂತಿತು. ಆಚಾರ್ರು ಪಂಚೆ ಬಿಡಿಸುವಷ್ಟರಲ್ಲಿ ಎಂಜಿನ್ ಆಫ್. ಕೊನೆಗೆ "ಬೇಕೇ ಬೇಕು, ನೀರು ಬೇಕು" ಎಂದು ಕೂಗುತ್ತಲೇ ನಾವೆಲ್ಲ ಹಿಂದಿನಿಂದ ನೂಕಿದೆವು. ಪೊಲೀಸಿನವರೂ ಕೈ ಹಾಕಿದರು. ಹೋರಾಟಗಾರರೂ ಪೊಲೀಸರೂ ಒಂದೇ ದಿಕ್ಕಿಗೆ ನೂಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಮುಹೂರ್ತ ತಪ್ಪಿತು. ನಮ್ಮ ಸ್ನೇಹ ಶುರುವಾಯಿತು.

ಆ ಕಾರು ಅವರು ಕೊಂಡದ್ದಲ್ಲ, ದಾನವಾಗಿ ಬಂದದ್ದು. ಕೆಜಿಎಫ್ ಗಣಿಯ ಹಳೆಯ ಅಧಿಕಾರಿಯೊಬ್ಬರು ತೀರಿಕೊಂಡಾಗ ಕರ್ಮ ಮಾಡಿಸಿದವರು ಆಚಾರ್ರು. ಸತ್ತವರಿಗೆ ಪ್ರಿಯವಾದದ್ದನ್ನು ದಾನ ಕೊಡಬೇಕೆಂದು ಅವರೇ ಹೇಳಿದರು. ಕೊಡೆಯೋ ಕೋಲೋ ಬಂದೀತೆಂದು ಎಣಿಸಿದ್ದರು. ಮಗ ಹೋಗಿ ಷೆಡ್ಡಿನ ಬಾಗಿಲು ತೆಗೆದ. "ನಮ್ಮಪ್ಪಂಗೆ ನಮ್ಮಮ್ಮನಿಗಿಂತ ಇದೇ ಇಷ್ಟ. ತಗೊಳ್ಳಿ" ಎಂದು ಕೀ ಕೈಗಿಟ್ಟ. ವಿಲಾಯತಿಯ ಸ್ಪೋರ್ಟ್ಸ್ ಕಾರು. ಹೆಸರಿನ ಬಿಲ್ಲೆ ಯಾವತ್ತೋ ಉದುರಿಹೋಗಿತ್ತು. ಮುಳಬಾಗಿಲಿನವರು ಅದಕ್ಕೆ ಕಪ್ಪೆ ಎಂದು ಹೆಸರಿಟ್ಟರು.

ಪುರೋಹಿತನಿಗೆ ಸ್ಪೋರ್ಟ್ಸ್ ಕಾರು ಯಾಕಯ್ಯ ಎಂದು ನಗುವವರಿಗೆ ಲಗ್ನದ ತಿಂಗಳ ಪಾಡು ಗೊತ್ತಿಲ್ಲ. ಬೆಳಗಿನ ಜಾವ ಮಾಲೂರಿನಲ್ಲಿ ಗೃಹಪ್ರವೇಶ, ಹೊತ್ತೇರುವಾಗ ಶ್ರೀನಿವಾಸಪುರದಲ್ಲಿ ಮದುವೆ, ಮಧ್ಯಾಹ್ನ ಕೋಲಾರದಲ್ಲಿ ನಾಮಕರಣ. ಒಳ್ಳೆಯ ದಿನ ಎಂದರೆ ಎಲ್ಲರಿಗೂ ಅದೇ ದಿನ. ಬಸ್ಸಿಗೆ ಕಾದು ಕೂತರೆ ಮೂರರಲ್ಲಿ ಎರಡು ಹೋದ ಹಾಗೆಯೇ. ಆಚಾರ್ರು ಸೀಟಿನ ಮೇಲೆ ಉಣ್ಣೆಯ ದಾಬಳಿ ಹಾಸಿ, ಮಡಿಯಲ್ಲೇ ಕೂತು ಹೊರಡುತ್ತಿದ್ದರು. ಉಣ್ಣೆಗೆ ಮೈಲಿಗೆ ಇಲ್ಲವಂತೆ. ಮಡಿ ಮೈಲಿಗೆಯ ವಿರುದ್ಧ ಮೈಕು ಹಿಡಿದು ಗಂಟಲು ಹರಿದುಕೊಂಡ ಜನ ನಾವು. ಆ ವಿಷಯದಲ್ಲಿ ಅವರಿಗೂ ನಮಗೂ ಯಾವತ್ತೂ ಹೊಂದಲಿಲ್ಲ. ಕಾರಿನ ವಿಷಯದಲ್ಲಿ ಹೊಂದಿತು.

ನಾಲ್ಕೈದು ವರ್ಷ ಹಾಗೂ ಹೀಗೂ ಓಡಿತು. ಗೇರಿನ ಬುಷ್‌ಗಳು ಸವೆದ ಹಾಗೆಲ್ಲ ಕಡ್ಡಿ ಅಲ್ಲಾಡತೊಡಗಿತು. ಮೂರಕ್ಕೆ ಹಾಕಿದರೆ ಒಂದಕ್ಕೆ ಬೀಳುವುದು, ಎರಡನ್ನು ಹುಡುಕಿದರೆ ಪಂಚೆ ಸಿಗುವುದು. ಮಾಲೂರಿನ ಒಂದು ಗೃಹಪ್ರವೇಶಕ್ಕೆ ಇವರು ತಲುಪುವಷ್ಟರಲ್ಲಿ ಹಾಲು ಮಂತ್ರವಿಲ್ಲದೆ ತಾನಾಗಿಯೇ ಉಕ್ಕಿ ಒಲೆ ಆರಿತ್ತು. ಮನೆಯವರು ಬೈಯಲಿಲ್ಲ, ಬಾಗಿಲಲ್ಲೇ ಬಾಳೆಹಣ್ಣು ಕೊಟ್ಟು ಕಳಿಸಿದರು. ಅದು ಬೈಗುಳಕ್ಕಿಂತ ಕಡೆ.

ಅವತ್ತು ಅವರ ಹೆಂಡತಿ ರಾಧಮ್ಮ ತೀರ್ಪು ಕೊಟ್ಟರು. "ಎರಡು ಮುಹೂರ್ತ ತಿಂತು ಈ ಕಪ್ಪೆ. ಮೂರನೇದು ತಿಂದ್ರೆ ಗುಜರಿಗೆ. ಸತ್ತೋರ ಕಾರು ಅಂತ ಮೊದ್ಲೇ ನಂಗೆ ಇಷ್ಟ ಇರ್ಲಿಲ್ಲ."

"ಆಗ್ಲಿ ಕಣೇ" ಎಂದರು ಆಚಾರ್ರು. ಮಾತು ಕೊಟ್ಟರೆ ತಪ್ಪುವ ಆಸಾಮಿ ಅಲ್ಲ. ಅವರಿಗೆ ಆ ಕಾರಿನ ಮೇಲಿದ್ದ ಪ್ರೀತಿ ರಾಧಮ್ಮನಿಗೂ ಗೊತ್ತಿತ್ತು, ಅದಕ್ಕೇ ಇನ್ನೊಂದು ಮುಹೂರ್ತದ ವಾಯಿದೆ ಕೊಟ್ಟದ್ದು.

ಮಾಲೂರಿನಲ್ಲಿ ಆಂಜಿನಪ್ಪ ಅಂತ ಒಬ್ಬ ಮೆಕ್ಯಾನಿಕ್. ಆಚಾರ್ರು ಕಾರನ್ನು ಅವನ ಗ್ಯಾರೇಜಿಗೆ ಬಿಟ್ಟು, ಗೇರುಕಡ್ಡಿ ಗಿಡ್ಡ ಆಗಬೇಕು ಎಂದರು. ಆಂಜಿನಪ್ಪ ಹಿಂದುಮುಂದು ನೋಡದೆ ಗರಗಸ ತಂದು ಕಡ್ಡಿಯ ತಲೆ ಹಾರಿಸಿದ. ಇಬ್ಬರಿಗೂ ಖುಷಿ. ಮೊಣಕಾಲು ಬಚಾವಾಯಿತು, ಪಂಚೆ ಬಚಾವಾಯಿತು. ಓಡಿಸಿ ನೋಡಿದರೆ ಗೇರು ಮಿಸುಕುವುದಿಲ್ಲ. ಹಾರೆಯ ತುದಿ ಹಿಡಿದು ಬಂಡೆ ಎಬ್ಬಿಸುವವನಿಗೆ ನಡು ಹಿಡಿದು ಎಬ್ಬಿಸು ಎಂದ ಹಾಗಾಯಿತು. ಆಚಾರ್ರು ಎರಡೂ ಕೈ ಹಾಕಿ ಎಳೆದರು. ಸ್ಟೀರಿಂಗಿಗೆ ಕೈ ಉಳಿಯಲಿಲ್ಲ. ಕಾರು ಹೋಗಿ ಹುಲ್ಲಿನ ಬಣವೆಗೆ ಮೂತಿ ತೂರಿಸಿತು.

"ನೀವ್ ಹೇಳಿದ್ರಿ, ನಾನ್ ಕುಯ್ದೆ" ಎಂದ ಆಂಜಿನಪ್ಪ.

"ನಾನು ಹೇಳಿದ್ದು ಗಿಡ್ಡ ಮಾಡು ಅಂತ. ನಿಂಗೆ ತಲೆ ತೆಗೆಯೋದೇ ಗೊತ್ತಿರೋದು!"

"ಸ್ವಾಮಿ, ಆಗಿದ್ದಾಯ್ತು. ಕೆಳಗಡೆ ಗುಂಡು ಇದ್ಯಲ್ಲ, ಕಡ್ಡಿ ತಿರುಗೋ ಜಾಗ, ಅದನ್ನ ಮೇಲಕ್ಕೆ ಎತ್ಬೇಕು. ಆಗ ಮೇಲೆ ಕೈ ಒಂಚೂರು ಆಡಿದ್ರೂ ಕೆಳಗೆ ಪೂರ್ತಿ ಆಡುತ್ತೆ. ಬೆಂಗ್ಳೂರಲ್ಲಿ ರೇಸಿನೋರು ಹಾಕ್ಸೋದು ಅದನ್ನೇ."

ಮುಂದಿನ ವಾರ ಆಂಜಿನಪ್ಪ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಅಂಥ ಗಿಡ್ಡ ಗೇರುಕಡ್ಡಿಯ ಎರಡು ಸೆಟ್ ತಂದ. ಬೇಡವಾದದ್ದನ್ನು ವಾಪಸ್ ಕೊಡುವ ಕರಾರು. ಒಂದರಲ್ಲಿ ಕೈಯ ಓಟ ಅರ್ಧಕ್ಕರ್ಧ ಕಮ್ಮಿ. ಇನ್ನೊಂದರಲ್ಲಿ ಮೂರರಲ್ಲಿ ಒಂದು ಪಾಲು ಕಮ್ಮಿ. ಓಟ ಕಮ್ಮಿ ಆದಷ್ಟೂ ಗೇರು ಬಿಗಿ. ಆಂಜಿನಪ್ಪನಿಗೆ ಮೊದಲನೆಯದರ ಮೇಲೆಯೇ ಮನಸ್ಸು.

"ಕಟಕ್ ಅಂತ ಬೀಳುತ್ತೆ ನೋಡಿ ಸ್ವಾಮಿ! ಗಂಡಸಿನ ಗೇರು ಅಂದ್ರೆ ಇದು."

ಆಚಾರ್ರು ಅವತ್ತು ಏಕಾದಶಿ ನೋಡಿಕೊಂಡೇ ಬಂದಿದ್ದರು. ತೊಟ್ಟು ನೀರೂ ಕುಡಿಯದೆ, ಕಚ್ಚೆ ಪಂಚೆಯಲ್ಲಿ. ಮೊದಲನೆಯ ಸೆಟ್ ಹಾಕಿಸಿ ಮಾಲೂರಿನ ಸುತ್ತ ಒಂದು ರೌಂಡು ಹೊಡೆದು ಬಂದರು. ಭುಜ ನೀವಿಕೊಂಡು ಇಳಿದರು.

"ಆಂಜಿನಪ್ಪ, ಮದುವೆ ಮಾಡಿಸೋ ದಿನ ಅದು ಮುಗಿಯೋವರೆಗೂ ನಾನು ಏನೂ ತಿನ್ನೋ ಹಾಗಿಲ್ಲ. ಉಪವಾಸದ ಕೈಗೆ ಇದು ಬಗ್ಗಲ್ಲ ಕಣಯ್ಯ. ನಿನ್ನ ಗಂಡಸು ಗೇರು ಉಂಡೋರಿಗೆ. ಇನ್ನೊಂದು ಹಾಕು."

ಇನ್ನೊಂದು ಸರಿಹೋಯಿತು. ಹಳೆಯ ಬುಷ್‌ಗಳನ್ನೂ ಕಿತ್ತು ಹೊಸದು ಹಾಕಿದ ಮೇಲೆ ಅರ್ಧ ರೋಗ ಅಲ್ಲೇ ಇದ್ದದ್ದು ಗೊತ್ತಾಯಿತು. ಅದನ್ನೇ ಮೊದಲು ನೋಡಿದ್ದರೆ ಕಡ್ಡಿಯ ತಲೆ ಉಳಿಯುತ್ತಿತ್ತೋ ಏನೋ. ಆದರೆ ಹೊಸ ಕಡ್ಡಿಯ ಬುಡಕ್ಕೆ ಚರ್ಮದ ಚೀಲ, ತಲೆಗೆ ಚರ್ಮದ ಗುಬುಟು. ಮಡಿಯಲ್ಲಿ ಚರ್ಮ ಮುಟ್ಟುವ ಹಾಗಿಲ್ಲ.

"ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಳಿ" ಎಂದ ಆಂಜಿನಪ್ಪ.

"ಥೂ! ನಾನೇನು ಮಾಂಸದಂಗಡಿ ಇಟ್ಟಿದೀನಾ?"

ಗುಬುಟಿಗೆ ಶ್ರೀನಿವಾಸಪುರದ ಮಾವಿನ ಮರ ಬಂತು, ಬಡಗಿ ತಿರುಗಿಸಿಕೊಟ್ಟ. ಬುಡದ ಚೀಲಕ್ಕೆ ಆಂಜಿನಪ್ಪ ಹಳೆಯ ಲಾರಿ ಟ್ಯೂಬು ಕತ್ತರಿಸಿ ಹೊಲಿದ.

"ರಬ್ಬರು ಮಡೀನಾ ಆಚಾರ್ರೇ?" ಎಂದು ನಾನು ಕೆಣಕಿದೆ.

"ಮರದ ಹಾಲು ಕಣಯ್ಯ ಅದು. ಭಾಷಣ ಮಾಡೋ ಬದ್ಲು ಸಸ್ಯಶಾಸ್ತ್ರ ಓದು."

ಕೊನೆಯ ಪರೀಕ್ಷೆಗೆ ಆಚಾರ್ರು ಆಂಜಿನಪ್ಪನಿಗೇ ಕಚ್ಚೆ ಉಡಿಸಿ ಕಾರಿಗೆ ಹತ್ತಿಸಿದರು. ಪ್ಯಾಂಟಿನಲ್ಲಿ ಓಡಿಸಿ ಸರಿಯಿದೆ ಎನ್ನುವವನ ಮಾತು ನಂಬುವ ಹಾಗಿಲ್ಲವಂತೆ. ಮಾಲೂರಿನ ಬಸ್‌ ಸ್ಟ್ಯಾಂಡಿನಲ್ಲಿ ಆಟೋದವರು, "ಏನ್ಲಾ ಆಂಜಿ, ಯಾವಾಗ್ ತಗೊಂಡೆ ದೀಕ್ಷೆ?" ಎಂದು ಕೂಗಿದರು. ಎರಡು, ಮೂರು, ನಾಲ್ಕು, ಎಲ್ಲ ಗೇರೂ ನೆರಿಗೆ ಮುಟ್ಟದೆ ಬಿದ್ದವು.

ಆಮೇಲೆ ಬಂದದ್ದು ಹೋಳೂರಿನ ಮದುವೆ. ರೈತ ವೆಂಕಟರಾಯಪ್ಪ, ಭಾರತಮ್ಮನವರ ಮಗಳು ಸುನಂದಳದ್ದು. ವೆಂಕಟರಾಯಪ್ಪ ನಮ್ಮ ಹೋರಾಟದ ಸಂಘದವನು, ಹೀಗಾಗಿ ನಾನೂ ಅಲ್ಲಿದ್ದೆ. ಆಚಾರ್ರು ರಾಧಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಇಳಿದರು. ರಾಧಮ್ಮನ ಮುಖದಲ್ಲಿ ಆಗಲೇ ಅರ್ಧ ಸೋಲು.

ಎಲ್ಲ ಇತ್ತು, ಸೋದರಮಾವ ಇರಲಿಲ್ಲ. ಭಾರತಮ್ಮನಿಗೆ ಇದ್ದೊಬ್ಬ ತಮ್ಮ ಮುನಿರಾಮಪ್ಪ. ಅವನು ಕೈಹಿಡಿದು ಕರೆತರದೆ ಹುಡುಗಿ ಹಸೆಮಣೆಗೆ ಬರುವ ಹಾಗಿಲ್ಲ. ಆ ಪುಣ್ಯಾತ್ಮ ಟೊಮೆಟೊಗೆ ರೇಟು ಏರಿದೆ ಎಂದು ಕೇಳಿ, ಅಕ್ಕನ ಮಗಳ ಮದುವೆಯ ದಿನವೇ ಬೆಳಗಿನ ಜಾವ ಕೋಲಾರದ ಮಂಡಿಗೆ ಲೋಡು ಹೊಡೆದಿದ್ದ. ಹರಾಜು ಮುಗಿಸಿ ಅದೇ ಟೆಂಪೋದಲ್ಲಿ ಬರುವುದು ಅವನ ಲೆಕ್ಕ. ಟೆಂಪೋದ ಆಕ್ಸಲ್ ಮಂಡಿಯ ಗೇಟಿನಲ್ಲೇ ಮುರಿಯಿತು. ಪಕ್ಕದ ಮನೆಗೆ ಫೋನು ಬಂತು.

"ನನ್ ತಮ್ಮಂಗೆ ಟೊಮೆಟೊ ಹೆಚ್ಚಾಯ್ತಾ! ಹುಳಿ ಮುಂಡೇದು!" ಎಂದು ಭಾರತಮ್ಮ ಸೆರಗು ಕಚ್ಚಿಕೊಂಡರು. ವ್ಯಾನು ಗಂಡಿನ ಕಡೆಯವರನ್ನು ಕರೆತರಲು ಹೋಗಿತ್ತು. ಬೈಕು ಹೂವಿಗೆ ಹೋಗಿತ್ತು. ಮುಹೂರ್ತಕ್ಕೆ ಒಂದು ಗಂಟೆ ಉಳಿದಿತ್ತು.

ಆಚಾರ್ರು ಮಂಟಪದಲ್ಲಿ ಕೂತೇ ಇದ್ದರು. ಅವರು ಕೂತೇ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮುಹೂರ್ತ ತಪ್ಪಿದರೆ ಮಾವನ ತಪ್ಪು. ಎದ್ದು ಅವನನ್ನು ಕರೆತರಲು ಹೋಗಿ ದಾರಿಯಲ್ಲಿ ಸಿಕ್ಕಿಕೊಂಡರೆ ಮೂರನೇ ಮುಹೂರ್ತವೂ ಕಪ್ಪೆಯ ಹೊಟ್ಟೆಗೆ. ಅವರು ರಾಧಮ್ಮನ ಕಡೆ ನೋಡಿದರು.

"ನನ್ ಮುಖ ಏನ್ ನೋಡ್ತೀರಿ? ಮಗು ಕೂತಿದೆ ಒಳಗೆ. ಎದ್ದು ಹೋಗಿ ಅಂದ್ರೆ!" ಎಂದರು ರಾಧಮ್ಮ.

ಕಪ್ಪೆ ಹೋಳೂರಿನ ಧೂಳೆಬ್ಬಿಸಿ ಹಾರಿತು. ಓಲಗದವರು ಊದುವುದು ಬಿಟ್ಟು ನೋಡಿದರು.

ಮುಂದಿನದು ಮುನಿರಾಮಪ್ಪನ ಬಾಯಲ್ಲೇ ಕೇಳಬೇಕು. ಊರಿಗೆಲ್ಲ ನೂರು ಸಲ ಹೇಳಿದ್ದಾನೆ. "ಮಂಡೀಲಿ ಟೊಮೆಟೊ ರಾಶಿ ಮಧ್ಯೆ ಜುಟ್ಟು ಬಿಟ್ಕೊಂಡು ಬಂದ್ರಪ್ಪ ಆಚಾರ್ರು. ನಾನು ಸಾರಿಗೆ ಆಗ್ಲಿ ಅಂತ ಒಂದು ಬಾಕ್ಸ್ ಹಣ್ಣು ಎತ್ಕೊಂಡೆ. ಕಾರಲ್ಲಿ ಜಾಗ ಎಲ್ಲಿದೆ? ತೊಡೆ ಮೇಲೆ ಇಟ್ಕೊಂಡೆ. ಆಚಾರ್ರು ಮಂತ್ರ ಹೇಳ್ಕೊಂಡು ಗೇರ್ ಹಾಕ್ತಾರೆ ಕಣ್ರೋ! ಅರ್ಧ ಮಂತ್ರಕ್ಕೆ ಮೂರು, ಸ್ವಾಹಾ ಅಂದ್ರೆ ನಾಲ್ಕು! ಕೆರೆ ಕಟ್ಟೆ ಹತ್ತೋವಾಗ ಎದುರಿಗೆ ಎಮ್ಮೆ ಹಿಂಡು. ನಾನು ಅಯ್ಯೋ ದೇವುಡಾ ಅಂದೆ. ಅವರು ಮಾವಿನ ಗುಬುಟು ಹಿಡಿದು ಸಟಕ್ ಅಂತ ಎರಡಕ್ಕೆ ಎಳೆದ್ರು. ಎಮ್ಮೆ ಬಾಲ ನನ್ ಮೂಗಿಗೆ ತಗುಲ್ತು, ಕಾರಿಗೆ ತಗುಲ್ಲಿಲ್ಲ. ಏಮಿ ಸ್ಪೀಡು ರಾ ನಾಯನಾ!"

ಎಮ್ಮೆಗಳು ತಪ್ಪಿದವು, ಟೊಮೆಟೊ ತಪ್ಪಲಿಲ್ಲ. ಬಾಕ್ಸು ಮಗುಚಿ ದಾಬಳಿ, ಪಂಚೆ, ಆಚಾರ್ರ ಎದೆ ಎಲ್ಲ ಕೆಂಪು. ಚಪ್ಪರದ ಮುಂದೆ ಇಬ್ಬರೂ ಇಳಿದಾಗ ಹೆಂಗಸರು ಕಿರುಚಿಕೊಂಡರು.

"ರಕ್ತ ಅಲ್ಲ ಕಣ್ರಮ್ಮ, ಸಾರು" ಎಂದರು ಆಚಾರ್ರು. "ಬೇಗ ಎರಡು ಬಿಂದಿಗೆ ತಣ್ಣೀರು ತನ್ನಿ."

ಅಂಗಳದಲ್ಲೇ ತಲೆಗೆ ನೀರು ಸುರಿದುಕೊಂಡು, ನೀರು ಸೋರುವ ಪಂಚೆಯಲ್ಲೇ ಮಂಟಪಕ್ಕೆ ನಡೆದರು. ಒದ್ದೆ ಬಟ್ಟೆ ಮಡಿಯೇ ಅಂತೆ. ಆ ಹೊತ್ತಿನಲ್ಲಿ ನನಗೂ ವಾದ ಮಾಡುವ ಮನಸ್ಸು ಬರಲಿಲ್ಲ. ಮುನಿರಾಮಪ್ಪ ಅಕ್ಕನಿಂದ ತಲೆಯ ಮೇಲೆ ಒಂದು ಮೊಟಕು ತಿಂದು, ಸುನಂದಳ ಕೈಹಿಡಿದು ಕರೆತಂದ. ನಗು ತಡೆಯಲಾರದೆ ಅವಳ ಬಾಸಿಂಗ ಅಲ್ಲಾಡುತ್ತಿತ್ತು. ಗಟ್ಟಿಮೇಳ ಸರಿಯಾದ ಹೊತ್ತಿಗೆ ಬಿತ್ತು.

ಊಟವಾದ ಮೇಲೆ ಹೋಳೂರಿನ ಅರ್ಧ ಊರು ಕಾರಿನ ಸುತ್ತ ನಿಂತಿತ್ತು. ಎಲ್ಲರಿಗೂ ಆ ಗುಬುಟು ಮುಟ್ಟಬೇಕು. ವೆಂಕಟರಾಯಪ್ಪ ಸೀಟಿನ ಮೇಲೆ ಜಜ್ಜಿಹೋಗಿದ್ದ ಹಣ್ಣುಗಳನ್ನು ನೋಡಿ, "ಇಷ್ಟು ಒಳ್ಳೆ ರೇಟಿರೋವಾಗ!" ಎಂದು ನೊಂದುಕೊಂಡ. ಆಚಾರ್ರು ಹೆಂಡತಿಯ ಹತ್ತಿರ ಬಂದು ಮೆತ್ತಗೆ ಕೇಳಿದರು.

"ಏನ್ ಮಾಡೋಣ ಕಣೇ? ಗುಜರಿಯೋನಿಗೆ ಹೇಳಿ ಕಳಿಸ್ಲಾ?"

ರಾಧಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಾಬಳಿಯ ಎರಡು ಮೂಲೆ ಹಿಡಿದು ಎಳೆದರು. "ಇಷ್ಟು ಗಲೀಜಾಗಿರೋ ಕಾರು ಯಾರ್ ತಗೋತಾರೆ? ಆ ಕಡೆ ಹಿಡ್ಕೊಳಿ, ಕೊಡವೋಣ" ಎಂದರು.