ಮಾಲೀಕರ ಹೆಸರಿನ ಖಾನೆ

“ಅಗ್ಗದ ಕಂಪನಿ ನೋಡ್ರಿ. ಮೂರು ವರ್ಷ ಮೂಗಿಗೆ ತುಪ್ಪ ಹಚ್ಚಿತು, ನಾಕನೇ ವರ್ಷ ಫೋಟೊ ಎಲ್ಲಾ ನುಂಗಿ ಓಡಿ ಹೋತು.”

ನಮ್ಮ ಜಾಲತಾಣ ಒಂದು ತಿಂಗಳು ಕಾಣೆಯಾಗಿದ್ದುದರ ಬಗ್ಗೆ ಇಂಡಿಯಲ್ಲಿ ಕೇಳಿದರೂ ಸಿಂದಗಿಯಲ್ಲಿ ಕೇಳಿದರೂ ದೊರೆಯುವ ಕಥೆ ಇದೇ. ಊರಿಂದ ಊರಿಗೆ ಸಾಗುವಾಗ ಅದಕ್ಕೆ ಕೈಕಾಲು ಬೆಳೆದಿವೆ. ಸಿಂದಗಿಯಲ್ಲಿ ಕಂಪನಿಯ ಧಣಿ ದುಬೈಗೆ ಹಾರಿದ್ದಾನೆ. ಇಂಡಿಯಲ್ಲಿ ಅವನನ್ನು ಪೊಲೀಸರು ಹಿಡಿದಿದ್ದಾರೆ. ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಒಬ್ಬರು, ಕಂಪನಿಯ ಯಂತ್ರವಿದ್ದ ಕೋಣೆಗೆ ನೀರು ನುಗ್ಗಿತೆಂದು, ತಾವೇ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡಿದವರಂತೆ ನನಗೆ ವಿವರಿಸಿದರು. ಆ ಜಾಲತಾಣವನ್ನು ಕಟ್ಟಿದವರಲ್ಲಿ ನಾನೂ ಒಬ್ಬನೆಂದು ಹೇಳಿದ ಮೇಲೂ ಅವರು ಕಥೆ ಬದಲಿಸಲಿಲ್ಲ. “ನಿಮಗ ಗೊತ್ತಿಲ್ಲ ಬಿಡ್ರಿ” ಎಂದರು.

ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ಮುದ್ದೇಬಿಹಾಳದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ, ಬೇರೆಯವರ ಬರಹದ ತಪ್ಪು ತಿದ್ದುತ್ತ ಓದು ಕಲಿತೆ. ಆ ಕಲಿಕೆಯಿಂದ ಬಂದ ಒಂದು ಚಾಳಿ ಇಂದಿಗೂ ಬಿಟ್ಟಿಲ್ಲ: ಎಲ್ಲರೂ ಒಂದೇ ಮಾತು ಹೇಳತೊಡಗಿದರೆ, ಮೂಲಪ್ರತಿ ಎಲ್ಲಿದೆ ಎಂದು ಕೇಳುತ್ತೇನೆ. ಆ ಕಂಪನಿಗೆ ನಾನು ನೆಂಟನಲ್ಲ. ಆದರೆ ನಡೆದದ್ದನ್ನು ನಡೆದಂತೆ ಬರೆದಿಡುವುದು ನನ್ನ ಪಾಲಿಗೆ ಬಂದಿದೆ, ಏಕೆಂದರೆ ತಪ್ಪಿನ ದೊಡ್ಡ ಪಾಲೂ ನನ್ನದೇ.

ನಾವು ಮೂವರು ಸೇರಿ ಆ ಕೆಲಸಕ್ಕೆ ಕೈಹಾಕಿದ್ದೆವು: ನಾನು, ಇಂಡಿಯ ಒಬ್ಬ ಲಿಂಬೆಹಣ್ಣಿನ ವ್ಯಾಪಾರಿ ಮತ್ತು ಸಿಂದಗಿಯ ಒಬ್ಬ ನಿವೃತ್ತ ಮಾಸ್ತರರು. ನಮ್ಮ ನಾಲ್ಕು ತಾಲೂಕುಗಳ ಹಳೆಯ ಮನೆಗಳ ಫೋಟೊಗಳು ಜನರ ಟ್ರಂಕುಗಳ ತಳದಲ್ಲಿ ಹಳದಿಯಾಗುತ್ತಿದ್ದವು. ಅವನ್ನು ಕೇಳಿ ಪಡೆದು, ನನ್ನ ಅಚ್ಚುಕೂಟದಲ್ಲಿ ಸ್ಕ್ಯಾನ್ ಮಾಡಿ, ಮೂಲವನ್ನು ಮರಳಿಸಿ, ನಕಲನ್ನು ಎಲ್ಲರೂ ನೋಡುವಂತೆ ಜಾಲತಾಣದಲ್ಲಿ ಇಡುವುದು ಯೋಜನೆ. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಕೊಲ್ಹಾರದ ಮನೆಗಳೇ ಅದರಲ್ಲಿ ಹೆಚ್ಚು.

ಜಾಲತಾಣಕ್ಕೆ ಬಾಡಿಗೆಯ ಜಾಗ ಬೇಕು. ಅದನ್ನು ಅತಿ ಕಡಿಮೆ ಬೆಲೆಗೆ ಕೊಡುವ ಕಂಪನಿಯನ್ನು ಹುಡುಕಿದವನು ಲಿಂಬೆಯ ವ್ಯಾಪಾರಿ. ಇಂಡಿಯ ಇಂಟರ್ನೆಟ್ ಅಂಗಡಿಯಲ್ಲಿ ಕುಳಿತು, ಕಂಪನಿಯವರೊಡನೆ ಅವನು ಬರಹದಲ್ಲೇ ಚೌಕಾಸಿ ಮಾಡಿದ. ಎಷ್ಟು ಜಾಗ ಕೊಡುತ್ತೀರಿ ಎಂದು ಕೇಳಿದ್ದಕ್ಕೆ ‘ಅನ್‌ಲಿಮಿಟೆಡ್’ ಎಂಬ ಉತ್ತರ ಬಂತು. ಅವನಿಗೆ ಸಂಶಯ ಹುಟ್ಟಿತು. “ಅಳತಿ ಇಲ್ಲದ ಮಾಲು ಮಾಲಲ್ಲರಿ ಅಣ್ಣಾರ” ಎಂದು ನನಗೆ ಫೋನಿನಲ್ಲಿ ಹೇಳಿದ. ಕಂಪನಿಯವರು ಕಳಿಸಿದ ನಗುಮುಖದ ಚಿತ್ರವನ್ನು ಎದುರಾಳಿಯ ದೌರ್ಬಲ್ಯವೆಂದು ತಿಳಿದು ಇನ್ನಷ್ಟು ಎಳೆದ. ಕೊನೆಗೆ ಜಾಲತಾಣದ ಹೆಸರನ್ನು ಒಂದು ವರ್ಷ ಪುಕ್ಕಟೆ ಪಡೆದು ಗೆದ್ದು ಬಂದ. ಆ ಪುಕ್ಕಟೆ ಕೊಡುಗೆ ಕಂಪನಿಯ ಮೊದಲ ಪುಟದಲ್ಲೇ, ಬಂದವರಿಗೆಲ್ಲ, ದಪ್ಪಕ್ಷರದಲ್ಲಿ ಇದ್ದುದನ್ನು ನಾನು ಆಮೇಲೆ ಕಂಡೆ. ಅವನಿಗೆ ಇದುವರೆಗೆ ತಿಳಿಸಿಲ್ಲ.

ಅರ್ಜಿ ತುಂಬಲು ಮೂವರೂ ಆ ಅಂಗಡಿಯಲ್ಲಿ ಸೇರಿದಾಗ ‘ಮಾಲೀಕರ ಹೆಸರು’ ಎಂಬ ಖಾನೆ ಬಂತು. ಇಲ್ಲಿ ನನ್ನ ಕಸುಬು ಅಡ್ಡ ಬಂತೆಂದು ಒಪ್ಪಿಕೊಳ್ಳಬೇಕು. ನಲವತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವನು ನಾನು. ನಮ್ಮ ಕಡೆ ಪತ್ರಿಕೆಯ ಮೇಲುಗಡೆ ಮನೆತನದ ಹಿರಿಯರ ಹೆಸರು ಬರಲೇಬೇಕು. ಆ ಹಿರಿಯರು ಹಾಸಿಗೆ ಹಿಡಿದಿರಲಿ, ಮದುಮಗ ಯಾರೆಂಬುದೇ ಅವರಿಗೆ ಮರೆತುಹೋಗಿರಲಿ, ಹೆಸರು ಮೇಲೆಯೇ. ತಪ್ಪಿದರೆ ಅರ್ಧ ಬೀಗರು ಊಟಕ್ಕೆ ಬರುವುದಿಲ್ಲ. ಹೀಗಿರುವಾಗ ಮಾಲೀಕರ ಖಾನೆಯಲ್ಲಿ ನಮ್ಮ ಹೆಸರು ನಾವೇ ಬರೆದುಕೊಳ್ಳುವುದೆಂದರೇನು? ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯಲ್ಲಿ ತೊಂಬತ್ತರ ಸಮೀಪದ ಒಬ್ಬ ರೈತರಿದ್ದರು. ನಮಗೆ ಮೊದಲ ಫೋಟೊ ಕೊಟ್ಟವರು, ನಾವೆಲ್ಲ ‘ಕಾಕಾ’ ಎನ್ನುವವರು. ಅವರ ಹೆಸರು ಬರೆಯೋಣವೆಂದೆ. ಮಾಸ್ತರರು, “ಹೆಸರು ಅವರದಾದ ಮ್ಯಾಲ ಫೋನ್ ನಂಬರೂ ಅವರದ ಹಾಕ್ರಿ, ಇಲ್ಲಂದ್ರ ಅಪಮಾನ ಆಕ್ಕೈತಿ” ಎಂದರು. ಅಂಗಡಿಯವನು ಕಾಕಾರ ಹೆಸರಿನಲ್ಲೇ ಒಂದು ಇಮೇಲ್ ವಿಳಾಸವನ್ನೂ ತೆರೆದ. ಅರ್ಜಿಯ ಪ್ರತಿಯನ್ನು ಗೊಳಸಂಗಿಗೆ ಒಯ್ದು, ಕಾಕಾರಿಗೆ ಶಾಲು ಹೊದಿಸಿ, ಕೈಗೆ ಕೊಟ್ಟು ಬಂದೆವು. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಮಾಡದಲ್ಲಿಟ್ಟರು. ಅಲ್ಲಿಗೆ ಆ ಇಮೇಲಿನ ಕಥೆ ಮುಗಿಯಿತು.

ಮೂರು ವರ್ಷದ ಹಣವನ್ನು ಮೊದಲೇ ಒಟ್ಟಿಗೆ ಕಟ್ಟಿದ್ದೆವು. ಮೂರು ವರ್ಷ ನಡೆಯಿತು. ಜಾಲತಾಣ ತೆರೆಯಲು ತಡವಾಗುತ್ತಿತ್ತು, ನಿಜ. ಒಂದು ಮನೆ ಮೂಡುವಷ್ಟರಲ್ಲಿ ಚಹಾ ಕುಡಿದು ಬರಬಹುದಿತ್ತು. ಕಂಪನಿಯ ಯಂತ್ರ ಎತ್ತಿನ ಬಂಡಿಯೆಂದು ಮಾಸ್ತರರು ತೀರ್ಪು ಕೊಟ್ಟರು. ನಾನು ಪರೀಕ್ಷಿಸಿ ನೋಡಿದೆ. ಒಂದೊಂದು ಫೋಟೊವನ್ನೂ ನಾವು ಸಿನಿಮಾ ಪೋಸ್ಟರಿನಷ್ಟು ದೊಡ್ಡದಾಗಿ ಏರಿಸಿದ್ದೆವು. ಐದನ್ನು ಚಿಕ್ಕದು ಮಾಡಿ ಹಾಕಿದಾಗ ಐದೂ ತಟ್ಟನೆ ತೆರೆದವು. ಮಾಸ್ತರರಿಗೆ ತೋರಿಸಿದೆ. “ಅದು ಆ ಹೊತ್ತಿಗೆ ನೆಟ್‌ವರ್ಕ್ ಚಲೋ ಇತ್ತು” ಎಂದರು.

ಅವರ ಇನ್ನೊಂದು ಮಾತನ್ನು ಮಾತ್ರ ನಾನು ಪರೀಕ್ಷಿಸದೆ ನಂಬಿದೆ. “ಒಮ್ಮೆ ಇಂಟರ್ನೆಟ್ಟಿಗೆ ಹೋದದ್ದು ಎಂದೂ ಅಳಿಯೂದಿಲ್ಲ” ಎಂದಿದ್ದರು. ಲಗ್ನಸರಾಯಿ ಬಂತು, ಲಗ್ನಪತ್ರಿಕೆಗಳ ರಾಶಿಗೆ ಅಚ್ಚುಕೂಟದ ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ. ಸ್ಕ್ಯಾನ್ ಮಾಡಿಟ್ಟ ಫೋಟೊಗಳನ್ನೆಲ್ಲ ನಾನೇ, ಈ ಕೈಯಿಂದಲೇ, ಅಳಿಸಿದೆ.

ಒಂದು ಮುಂಜಾನೆ ಕೊಲ್ಹಾರದಿಂದ ಒಬ್ಬ ಹೆಣ್ಣುಮಗಳು ಬಂದರು. ಅರವತ್ತು ದಾಟಿದವರು, ಹಳೆಯ ಕೊಲ್ಹಾರದಲ್ಲಿದ್ದ ತಮ್ಮ ತವರುಮನೆಯ ಫೋಟೊ ನಮಗೆ ಕೊಟ್ಟಿದ್ದವರು. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು, ನಿಂತಲ್ಲಿಂದಲೇ ಕೇಳಿದರು:

“ಅಣ್ಣಾರ, ನಮ್ಮಮ್ಮನ ಎಲ್ಲಿ ಇಟ್ರಿ?”

ಅವರು ತಂದಿದ್ದ ಮಗನ ಫೋನಿನಲ್ಲಿ ನಮ್ಮ ಜಾಲತಾಣದ ಜಾಗದಲ್ಲಿ ಒಂದು ಬಿಳಿಯ ಹಾಳೆ, ಅದರಲ್ಲಿ ಇಂಗ್ಲಿಷಿನ ಎರಡು ಸಾಲು: ಖಾತೆ ಸ್ಥಗಿತಗೊಂಡಿದೆ. ನಾನು ನೋಡದೆ ಎಷ್ಟು ದಿನವಾಗಿತ್ತೋ.

“ಮೂಲ ಫೋಟೊ ನಿಮಗ ವಾಪಸ್ ಕೊಟ್ಟೇವಲ್ಲ, ತಂಗಿ?”

“ಕೊಟ್ರಿ. ಗೆದ್ದಲಾ ಅದನ್ನ ನಿಮ್ಮಷ್ಟು ಜ್ವಾಪಾನ ಮಾಡಲಿಲ್ಲ” ಎಂದರು.

ಆ ಫೋಟೊ ನನಗೆ ನೆನಪಿತ್ತು. ಕಟ್ಟೆಯ ಮೇಲೆ ಮೊರ ಹಿಡಿದು ಕುಳಿತು ನಗುತ್ತಿರುವ ಒಬ್ಬ ತಾಯಿ. ಪಕ್ಕದ ಮನೆಯ ಮದುವೆಗೆ ಬಂದಿದ್ದ ಫೋಟೊದವನು ತೆಗೆದದ್ದು, ಆ ಮನೆಯವರ ಟ್ರಂಕಿನಲ್ಲೇ ಉಳಿದು ತೀರ ಈಚೆಗೆ ಇವರ ಕೈಗೆ ಬಂದದ್ದು. ಆ ತಾಯಿಯದು ಅದೊಂದೇ ಚಿತ್ರ. ಈ ಹೆಣ್ಣುಮಗಳ ತಂಗಿ ಅಂಬೆಗಾಲಿಡುತ್ತಿದ್ದಾಗಲೇ ಆ ತಾಯಿ ತೀರಿಕೊಂಡಿದ್ದರು. ಸೊಲ್ಲಾಪುರಕ್ಕೆ ಮದುವೆಯಾಗಿ ಹೋದ ಆ ತಂಗಿಗೆ ತಾಯಿಯ ಮುಖದ ನೆನಪೇ ಇರಲಿಲ್ಲ. ಬರುವ ಶುಕ್ರವಾರ ಕೊಲ್ಹಾರಕ್ಕೆ ಬರುವವಳಿದ್ದಳು. “ಅಮ್ಮನ ತೋರಸ್ತೇನಿ ಬಾ ಅಂದೇನಿ. ಈಗ ಈ ಬಿಳೀ ಹಾಳಿ ತೋರಸ್ಲೇನು?”

ಕಂಪನಿಯ ಗ್ರಾಹಕ ಸೇವೆಗೆ ನಿಘಂಟು ಪಕ್ಕಕ್ಕಿಟ್ಟುಕೊಂಡು ಬರೆದೆ. ಈ ಕಂಪನಿ ಫೋನು ಎತ್ತುವುದಿಲ್ಲವೆಂಬುದು ಜನರ ಇನ್ನೊಂದು ದೂರು. ಬರೆದರೆ ಎರಡೇ ನಿಮಿಷದಲ್ಲಿ ಉತ್ತರಿಸುತ್ತದೆ. ನಮ್ಮವರು ಬರೆಯುವುದಿಲ್ಲ, ಅಷ್ಟೇ. ಉತ್ತರ ಹೀಗಿತ್ತು: ನವೀಕರಣ ಮಾಡದ ಕಾರಣ ಖಾತೆ ನಿಂತಿದೆ, ಹಲವು ಬಾರಿ ಎಚ್ಚರಿಸಿದ್ದೇವೆ, ಇಂದು ಸಂಜೆ ಆರರವರೆಗೆ ಎಲ್ಲ ಫೋಟೊಗಳೂ ಭದ್ರವಾಗಿರುತ್ತವೆ, ಬಳಿಕ ಅಳಿಸಲಾಗುವುದು. ಒಳಗೆ ಹೋಗಲು ಮಾಲೀಕರ ಫೋನಿಗೆ ಆರು ಅಂಕಿಗಳನ್ನು ಕಳಿಸುತ್ತೇವೆ.

ಅಂಕಿಗಳನ್ನು ನನ್ನ ಫೋನಿಗೇ ಕಳಿಸಿರೆಂದು ಕೇಳಿಕೊಂಡೆ. ಸಾಧ್ಯವಿಲ್ಲವೆಂದರು. ಆಗ ನಮ್ಮ ಕಡೆಯ ಲಗ್ನಪತ್ರಿಕೆಯ ಪದ್ಧತಿಯನ್ನು ಒಂದು ಪುಟದಷ್ಟು ವಿವರಿಸಿದೆ. ‘ನಿಮ್ಮ ಭಾವನೆ ನಮಗೆ ಪೂರ್ಣವಾಗಿ ಅರ್ಥವಾಗುತ್ತದೆ’ ಎಂದು ಉತ್ತರ ಬಂತು. ಅರ್ಥವಾಗಿರಲಿಲ್ಲ.

ಗೊಳಸಂಗಿಗೆ ಫೋನು ಮಾಡಿದೆ.

“ಕಾಕಾ, ನಿಮ್ಮ ಫೋನಿಗೆ ಆರು ಅಂಕಿ ಬರ್ತಾವು. ಓದಿ ಹೇಳ್ರಿ.”

“ಯಾರ ನೀ?”

“ನಾ ರಿ, ಮುದ್ದೇಬಿಹಾಳ ಪ್ರೆಸ್ಸಿನವ.”

“ಕಳ್ಳರೂ ಹಿಂಗ ಪರಿಚಯ ಹೇಳ್ತಾರಂತ ಬ್ಯಾಂಕಿನವರು ಹೇಳ್ಯಾರ” ಎಂದು ಫೋನಿಟ್ಟರು. ಮಧ್ಯಾಹ್ನದವರೆಗೆ ಮತ್ತೆ ಮತ್ತೆ ಮಾಡಿದರೂ ಎತ್ತಲಿಲ್ಲ.

ಕೊಲ್ಹಾರದ ಹೆಣ್ಣುಮಗಳು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ನಿಡಗುಂದಿಯವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಗೊಳಸಂಗಿ ತಲುಪಿದಾಗ ನಾಲ್ಕು ದಾಟಿತ್ತು. ಕಾಕಾ ಪಡಸಾಲೆಯಲ್ಲಿ ಕುಳಿತು ತೊಗರಿ ಆರಿಸುತ್ತಿದ್ದರು.

“ಓ, ನೀನ ಏನೋ ತಮ್ಮಾ! ಫೋನಿನ್ಯಾಗ ದನಿ ಕಳ್ಳನಂಗ ಕೇಳಿಸ್ತು.”

ಕಂಪನಿಯಿಂದ ಏನಾದರೂ ಸುದ್ದಿ ಬಂದಿತ್ತೇ ಎಂದು ವಿಚಾರಿಸಿದೆ.

“ಬರ್ತಿತ್ತಪಾ. ಒಬ್ಬಾಕಿ ಹುಡುಗಿ ಫೋನ್ ಮಾಡಿ ನನ್ನ ಹೆಸರು ಹಿಡದು, ಹಿಂದೆ ಸರ್ ಮುಂದೆ ಸರ್ ಹಚ್ಚಿ ಮಾತಾಡ್ತಿದ್ಲು. ಹಿಂದಿ ಭಾಷಾದಾಗ ಏನೇನೋ ಅಂತಿದ್ಲು. ತಣ್ಣಗಿರವ್ವಾ, ಮುತ್ತೈದಿ ಆಗಿ ಬಾಳು ಅಂತ ಹರಸಿ ಇಡ್ತಿದ್ದೆ. ಆರೇಳು ಸಲ ಮಾಡಿರಬೇಕು.”

“ನಮಗ ಒಂದು ಮಾತು ಹೇಳಬಾರದೇನ್ರಿ?”

“ಕಂಪನಿಯವರು ನನಗ ಫೋನ್ ಮಾಡ್ತಾರಂತ ನಾನ ಊರ ತುಂಬ ಹೇಳ್ಕೊತ ತಿರುಗಲೇನು? ಮಂದಿ ಏನಂದಾರು, ಮುದುಕಗ ಸೊಕ್ಕು ಬಂತು ಅಂದಾರು.”

ಇಷ್ಟಾದರೂ ಅಂಕಿ ಹೇಳಲು ಅವರು ಒಪ್ಪಲಿಲ್ಲ. ಬ್ಯಾಂಕಿನವರು ಊರಿಗೆ ಬಂದು ಸಭೆ ಮಾಡಿ, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗೂ ಅಂಕಿ ಹೇಳಬೇಡಿ ಎಂದಿದ್ದರಂತೆ. “ಮಗಗ ಹೇಳಬ್ಯಾಡ ಅಂದಮ್ಯಾಗ ನಿನಗ ಹ್ಯಾಂಗ ಹೇಳ್ಲಿ? ನೀ ಮಗಗಿಂತ ಹೆಚ್ಚೇನು?” ನಾನು ವಾದಿಸಿದೆ. ಹಟದಲ್ಲಿ ನನ್ನನ್ನು ಮೀರಿಸುವವರು ಈ ನಾಲ್ಕು ತಾಲೂಕಿನಲ್ಲಿ ಇಲ್ಲವೆಂದುಕೊಂಡಿದ್ದೆ. ಆ ಅಭಿಪ್ರಾಯವನ್ನೂ ಅಂದು ತಿದ್ದಿಕೊಂಡೆ. ಗಡಿಯಾರ ಐದರ ಮೇಲೆ ಹತ್ತು ತೋರಿಸುತ್ತಿತ್ತು. ಬೇಡಿದೆ, ಬೈದೆ, ಮಾಸ್ತರರಿಂದ ಫೋನಿನಲ್ಲಿ ಹೇಳಿಸಿದೆ. “ಇವಾ ಎರಡನೇ ಕಳ್ಳ” ಎಂದರು ಕಾಕಾ.

ಆಗ ಕೊಲ್ಹಾರದ ಹೆಣ್ಣುಮಗಳು ಅವರ ಮುಂದೆ ಬಂದು ಕುಳಿತರು.

“ಅಜ್ಜಾ, ನೀ ಹೇಳೂದು ಖರೇ. ಯಾರಿಗೂ ಹೇಳಬ್ಯಾಡ. ಈ ಅಣ್ಣಾರಿಗೂ ಬ್ಯಾಡ, ನನಗೂ ಬ್ಯಾಡ. ಮಾಲಕ ನೀ ಅದಿ. ಇಕಾ, ಈ ಅಣ್ಣಾರ ಫೋನ್ ತಗೋ, ನಿನ್ನ ಕೈಲೆ ನೀನ ಒತ್ತು. ನಾವು ಆ ಕಡೆ ಮಾರಿ ಮಾಡ್ತೇವಿ.”

ಕಾಕಾ ತೊಗರಿಯನ್ನು ಬದಿಗೆ ಸರಿಸಿದರು. “ಇದಕ್ಕ ಬ್ಯಾಂಕಿನವರು ಬ್ಯಾಡ ಅಂದಿಲ್ಲ” ಎಂದರು.

ನಾವಿಬ್ಬರೂ ಗೋಡೆಯ ಕಡೆಗೆ ತಿರುಗಿ ನಿಂತೆವು. ಅವರು ಕನ್ನಡಕ ಹುಡುಕಿ, ಧೋತರದ ಚುಂಗಿನಿಂದ ಒರೆಸಿ, ತಮ್ಮ ಗುಂಡಿ ಫೋನಿನಿಂದ ಒಂದು ಅಂಕಿ ಓದಿ, ನನ್ನ ಫೋನಿನಲ್ಲಿ ಒಂದು ಒತ್ತಿ, ಮತ್ತೆ ಓದುವಷ್ಟರಲ್ಲಿ ಅಂಕಿಗಳ ಆಯುಷ್ಯವೇ ಮುಗಿಯಿತು. ಹೊಸ ಅಂಕಿಗಳನ್ನು ತರಿಸಿದೆ. ಎರಡನೆಯ ಸಲ ನಾಲ್ಕನ್ನು ಎರಡು ಬಾರಿ ಒತ್ತಿದ್ದು ನನ್ನ ಓರೆಗಣ್ಣಿಗೆ ಬಿತ್ತು. ನನ್ನ ಬಾಯಿಂದ ಏನೋ ಹೊರಟಿತು. “ಈ ಕಡೆ ನೋಡಬ್ಯಾಡ!” ಎಂದು ಗದರಿದರು. ಪಕ್ಕದಲ್ಲಿದ್ದ ಆಕೆ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು. ಇಂಡಿಯ ವ್ಯಾಪಾರಿ ಅಲ್ಲಿಂದಲೇ ನವೀಕರಣದ ಹಣ ಕಟ್ಟಿದ. ಈ ಬಾರಿ ಚೌಕಾಸಿ ಮಾಡಲು ಅವನಿಗೆ ಪುರುಸೊತ್ತಿರಲಿಲ್ಲ. ಆರಕ್ಕೆ ಹದಿಮೂರು ನಿಮಿಷ ಉಳಿದಿತ್ತು.

ಫೋಟೊ ಎಂದಿನಂತೆ ನಿಧಾನವಾಗಿ, ಮೇಲಿನಿಂದ ಕೆಳಕ್ಕೆ ಇಳಿಯಿತು: ಮೊದಲು ಮಾಳಿಗೆಯ ಅಂಚು, ಆಮೇಲೆ ಬಾಗಿಲ ಚೌಕಟ್ಟು, ಆಮೇಲೆ ಆ ನಗು. ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾಕಾ ಬಗ್ಗಿ ನೋಡಿ, “ಯಾರವ್ವಾ ಇಕಿ?” ಎಂದರು.

“ನಮ್ಮಮ್ಮ ಅಜ್ಜಾ.”

“ನನ್ನ ಹೆಸರಿನ ಜಾಗಾದಾಗ ಕುಂತಾಳ. ಎಬ್ಬಸವರು ಬರಲಿ, ನಾ ನೋಡ್ಕೋತೇನಿ.”

ಆ ಚಿತ್ರವನ್ನು ದಪ್ಪ ಹಾಳೆಯ ಮೇಲೆ ಎರಡು ಪ್ರತಿ ಮುದ್ರಿಸಿ ಶುಕ್ರವಾರ ನಾನೇ ಕೊಲ್ಹಾರಕ್ಕೆ ಒಯ್ದೆ. ಸೊಲ್ಲಾಪುರದ ತಂಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಅಳುತ್ತಾಳೆಂದು ಅಕ್ಕ ನೀರು ತಂದಿದ್ದರು. “ಅಕ್ಕಾ, ನನ್ನ ಮಗಳ ಮುಂದಿನ ಹಲ್ಲಿನ ಸಂದು ಇಲ್ಲಿಂದ ಬಂದೈತಿ ನೋಡು! ಆಕಿ ಅತ್ತಿ ಸುಳ್ಳೇ ನಮ್ಮಪ್ಪನ ಕಡಿ ಐಬು ಅಂತಿದ್ಲು” ಎಂದು ಆಕೆ ನಕ್ಕುಬಿಟ್ಟಳು. ತಂದ ನೀರನ್ನು ಅಕ್ಕನೇ ಕುಡಿದರು.

ಮಾಸ್ತರರು ಇಂದಿಗೂ ಸಿಂದಗಿಯಲ್ಲಿ ಹಳೆಯ ಕಥೆಯನ್ನೇ ಹೇಳುತ್ತಾರೆ. ಕಂಪನಿ ಓಡಿಹೋಗಿತ್ತು, ನಾವು ಗದರಿಸಿದ ಮೇಲೆ ಹೆದರಿ ತಿರುಗಿ ಬಂತು ಎಂಬ ಬಾಲವನ್ನೂ ಈಗ ಅದಕ್ಕೆ ಜೋಡಿಸಿದ್ದಾರೆ. ಅವರೊಡನೆ ವಾದಿಸುವುದನ್ನು ಬಿಟ್ಟು, ಕಂಪನಿಗೆ ಇನ್ನೊಂದು ಪತ್ರ ಬರೆದು, ನಮ್ಮ ಖಾತೆಗೆ ಕಳಿಸಿದ ಎಚ್ಚರಿಕೆಗಳ ಪಟ್ಟಿಯನ್ನು ತರಿಸಿಕೊಂಡೆ. ಪ್ರತಿಯೊಂದಕ್ಕೂ ದಿನಾಂಕವಿದೆ, ಗಂಟೆಯಿದೆ, ಯಾರಿಗೆ ಕಳಿಸಿದ್ದೆಂದು ಇದೆ. ಇಮೇಲುಗಳ ಮುಂದೆ ‘ತೆರೆದಿಲ್ಲ’ ಎಂದಿದೆ. ಫೋನು ಕರೆಗಳ ಮುಂದೆ ‘ಗ್ರಾಹಕರು ಉತ್ತರಿಸಿದ್ದಾರೆ’ ಎಂದಿದೆ. ಎರಡನೆಯ ಅವಧಿಗೆ ಬಾಡಿಗೆ ಮೂರು ಪಟ್ಟು ಏರಿಸಿದ ಸಂಗತಿಯೂ ಕೊನೆಯ ಹಾಳೆಯ ಅಡಿಯಲ್ಲಿ ಸಣ್ಣಕ್ಷರದಲ್ಲಿದೆ. ಕಂಪನಿಯ ಪರವಾಗಿ ನಾನು ಏನನ್ನೂ ಮುಚ್ಚಿಟ್ಟಿಲ್ಲ. ಒಟ್ಟು ಮೂರು ಹಾಳೆ. ಅವನ್ನು ಅಚ್ಚುಕೂಟದ ಒಳಬಾಗಿಲಿಗೆ, ಕಣ್ಣಿನ ಮಟ್ಟಕ್ಕೆ, ಅಂಟಿಸಿದ್ದೇನೆ. ಮೂಲಪ್ರತಿ ನೋಡಬೇಕೆನ್ನುವವರು ಬರಬಹುದು: ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತೇನೆ, ಸೋಮವಾರ ರಜೆ.